ಕಾಯಿಸದ ಹಲಗೆ

ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತು ಹಡಗೇರಿದ ಕಂಟೇನರ್ ಒಂದರಲ್ಲಿ, ಕಲ್ಲಿನ ಚಪ್ಪಡಿಗಳನ್ನಿಟ್ಟ ಮರದ ಪೆಟ್ಟಿಗೆಯೊಳಗೆ ಅಕ್ಕಿಕಾಳಿನಷ್ಟು ಗಾತ್ರದ ಹುಳುವೊಂದಿತ್ತು. ಹೊರದೇಶಕ್ಕೆ ಹೋಗುವ ಮರವನ್ನು ಹುಳು ಸಾಯುವ ತನಕ ಕಾಯಿಸಿ, ಆಮೇಲೆ ಮುದ್ರೆ ಒತ್ತುವುದು ಪದ್ಧತಿ. ಹಡಗು ತಪ್ಪೀತೆಂಬ ಅವಸರದಲ್ಲಿ ಪೆಟ್ಟಿಗೆ ಮಾಡಿದವರು ಮುದ್ರೆಯನ್ನಷ್ಟೇ ಒತ್ತಿ ಕಳಿಸಿದ್ದರು.

ನಡುಗಡಲಲ್ಲಿ ಬಿರುಗಾಳಿ ಎದ್ದಿತು. ಹುಳು ನಡುಗುತ್ತ, "ಕಂಟೇನರಣ್ಣಾ, ಮುಳುಗಿಬಿಡುತ್ತೇವೆಯೇ?" ಎಂದು ಕೇಳಿತು.

"ಹೆದರಬೇಡ," ಎಂದಿತು ಕಂಟೇನರ್. "ಹನ್ನೆರಡು ವರ್ಷದಿಂದ ಓಡಾಡುತ್ತಿದ್ದೇನೆ. ನನ್ನನ್ನು ಹಿಂದಕ್ಕೆ ಕಳಿಸುವ ಅಲೆ ಇನ್ನೂ ಹುಟ್ಟಿಲ್ಲ."

ಹೇಳಿದಂತೆಯೇ ಹಡಗು ದಡ ಮುಟ್ಟಿತು. ಪರದೇಶದ ಬಂದರಿನಲ್ಲಿ ಮುಗಿಲು ಮುಟ್ಟುವ ಕ್ರೇನು ಅಷ್ಟು ಭಾರದ ಕಂಟೇನರನ್ನು ಹೂವಿನಂತೆ ಎತ್ತಿ ನೆಲಕ್ಕಿಟ್ಟಿತು. ಬಾಗಿಲು ತೆರೆದಾಗ ಹುಳು ಹಲಗೆಯ ತೂತಿನಿಂದ ಆ ಕ್ರೇನನ್ನು ಕಂಡು, ಇಂಥ ದೈತ್ಯರ ನಡುವೆ ತನ್ನನ್ನು ಯಾರು ಕೇಳುತ್ತಾರೆ ಎಂದುಕೊಂಡಿತು.

ತಪಾಸಣೆಯ ಅಧಿಕಾರಿ ಮುದ್ರೆ ನೋಡಿ ಸರಿಯೆಂದು ತಲೆಯಾಡಿಸಿದ. ಆದರೆ ಹಲಗೆಯ ಕೆಳಗೆ, ಹುಳು ಆಗಷ್ಟೇ ಕೊರೆದ ಮರದ ಪುಡಿ ಚಿಟಿಕೆಯಷ್ಟು ಉದುರಿತ್ತು. ಅದನ್ನು ಬೆರಳಿಂದ ಮುಟ್ಟಿ ನೋಡಿ, "ಇದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲಿ," ಎಂದ.

ಅದೇ ಕ್ರೇನು ಅದೇ ಕಂಟೇನರನ್ನು ಮತ್ತೆ ಹಡಗಿಗೆ ಏರಿಸಿತು.

ಹಡಗು ದಡ ಬಿಟ್ಟಿತು. ಆಗ ಕಂಟೇನರ್, "ಬಿರುಗಾಳಿಯ ಕೈಲಾಗದ್ದನ್ನು ನೀನು ಮಾಡಿದೆ. ಅದೆಂಥ ಬಲವಯ್ಯಾ ನಿನ್ನದು?" ಎಂದಿತು.

"ನಾನೇನೂ ಮಾಡಲಿಲ್ಲಣ್ಣಾ," ಎಂದಿತು ಹುಳು, ತಾನೂ ಬೆರಗಾಗಿ. "ನಾನು ಸತ್ತಿದ್ದೇನೆಂದು ಮುದ್ರೆ ಹೇಳುತ್ತಿತ್ತು. ನಾನು ಬದುಕಿದ್ದೆ, ಅಷ್ಟೇ."