ಸುಮ್ಮನಾದ ಕಂಪ್ರೆಸರ್ ಮತ್ತು ಕರಡಿ ತಿಪ್ಪಕ್ಕ

ರಸ್ತೆ ಮಾಡಲು ಬಂದವರು ಅರ್ಧಕ್ಕೇ ಬಿಟ್ಟುಹೋದ ಒಂದು ಕಾಡಿನಲ್ಲಿ ತಿಪ್ಪಕ್ಕ ಎಂಬ ಕರಡಿ ಇದ್ದಳು. ಹುತ್ತ ಬಗೆದು, ಮಣ್ಣನ್ನು ಉಫ್ ಎಂದು ಊದಿ, ಗೆದ್ದಲು ಹೀರುವುದು ಕರಡಿಗಳ ಊಟದ ಕ್ರಮ. ಆದರೆ ಕಾಳ್ಗಿಚ್ಚಿನ ಹೊಗೆ ಕುಡಿದ ಮೇಲೆ ತಿಪ್ಪಕ್ಕನ ಉಸಿರಿಗೆ ಒಣಗಿದ ಎಲೆಯೂ ಅಲ್ಲಾಡುತ್ತಿರಲಿಲ್ಲ. ಅವಳನ್ನು ಬದುಕಿಸಿದ್ದು ಕೆಲಸಗಾರರು ಬಿಟ್ಟುಹೋದ, ಗಾಲಿಯ ಮೇಲಿನ, ಗಾಳಿಯನ್ನು ಒತ್ತಿ ತುಂಬಿಸಿಡುವ ಕಂಪ್ರೆಸರ್. ಪೈಪು ಹಿಡಿದು ಅದರ ಮೂತಿ ಒತ್ತಿದರೆ ಸಾಕು, ಮಣ್ಣೆಲ್ಲ ಹಾರಿ ಊಟ ಸಿದ್ಧ.

ಅದನ್ನು ನಿಲ್ಲಿಸುವ ಬಗೆಯನ್ನು ಅವಳು ಪೊದೆಯ ಮರೆಯಿಂದ ನೋಡಿ ಕಲಿತಿದ್ದಳು. ಮೊದಲು ಎಂಜಿನ್ ಆರಿಸಬೇಕು. ಆಮೇಲೆ ಪೈಪಿನ ಗಾಳಿ ಬಿಡಬೇಕು, ಟ್ಯಾಂಕಿನ ಹೊಟ್ಟೆಯಡಿಯ ನಲ್ಲಿ ತಿರುಗಿಸಬೇಕು. ಮೀಟರಿನ ಮುಳ್ಳು ಸೊನ್ನೆಗೆ ಬರುವವರೆಗೆ ಏನನ್ನೂ ಬಿಚ್ಚಬಾರದು. ಯಾಕೆ ಎಂಬುದನ್ನು ಪೊದೆಗೆ ಯಾರೂ ವಿವರಿಸಿರಲಿಲ್ಲ.

ಒಂದು ಬೆಳಿಗ್ಗೆ ಊಟ ಮುಗಿಸಿ ಅವಳು ಎಂಜಿನ್ ಆರಿಸುವಷ್ಟರಲ್ಲಿ ನರಿ ಸೊಗಸಪ್ಪ ಬಂದ. ಅವನ ಕಣ್ಣು ಪೈಪಿನ ಹಿತ್ತಾಳೆ ಮೂತಿಯ ಮೇಲಿತ್ತು. ಅದನ್ನು ಬಚ್ಚಿಟ್ಟುಕೊಂಡರೆ ಕರಡಿ ದಿನಾ ತನ್ನ ಮುಂದೆ ಕೈಕಟ್ಟಿ ನಿಲ್ಲುತ್ತಾಳೆ, ಅರ್ಧ ಊಟ ತನ್ನದು. ಇದು ಅವನ ಹೊಂಚು. ಪಾಪ, ತಿಪ್ಪಕ್ಕನಿಗೆ ತಿಳಿಯದು.

“ಏನಕ್ಕಾ, ಇನ್ನೂ ಕಾಯ್ತಾ ಇದ್ದೀಯಾ? ಸದ್ದು ನಿಂತಾಯ್ತಲ್ಲ.”

“ಮುಳ್ಳು ಇನ್ನೂ ಮೇಲೇ ಇದೆ ಕಣೋ.”

“ಅದು ತುಕ್ಕು ಹಿಡಿದ ಮುಳ್ಳು. ಸತ್ತವರ ನಾಡಿ ಎಷ್ಟೊತ್ತು ನೋಡ್ತೀಯ?”

ತಿಪ್ಪಕ್ಕ ಕಿವಿಯಿಟ್ಟಳು. ಯಂತ್ರ ಮಿಸುಕಲಿಲ್ಲ. ಕಣ್ಣಿಟ್ಟಳು. ಮುಳ್ಳು ನೂರರಲ್ಲೇ ಇತ್ತು. ಕಿವಿಯನ್ನು ನಂಬಬೇಕೋ, ಕಣ್ಣನ್ನೋ?

“ಅದಿರಲಿ, ತುಂಬಿಸಿಟ್ಟ ಗಾಳೀನ ದಿನಾ ಯಾಕೆ ಚೆಲ್ತೀಯ? ಜೇನು ಸಿಕ್ಕರೂ ಹೀಗೇ ಚೆಲ್ತೀಯಾ?” ಎಂದ ನರಿ.

“ಈಗ ತಾನೇ ನೀನು ಅದು ಸತ್ತಿದೆ ಅಂದೆ. ಸತ್ತದ್ದರೊಳಗೆ ಗಾಳಿ ಎಲ್ಲಿಂದ ಬಂತು?”

“ನಿನಗೆ ಅದೆಲ್ಲ ಅರ್ಥವಾಗಲ್ಲ ಬಿಡು. ಹೋಗಿ ಮುಖ ತೊಳ್ಕೋ. ಇದನ್ನ ನಾನು ಬಿಚ್ಚಿಡ್ತೀನಿ.”

ಅರ್ಥವಾಗಿರಲಿಲ್ಲ ಎಂಬುದಂತೂ ನಿಜ. ತಿಪ್ಪಕ್ಕ ಹಳ್ಳದ ಕಡೆ ಹತ್ತು ಹೆಜ್ಜೆ ಹಾಕಿದಳು. ಸತ್ತಿದ್ದರೆ ಚೆಲ್ಲಲು ಏನಿದೆ? ಚೆಲ್ಲಲು ಇದೆ ಎಂದರೆ ಸತ್ತದ್ದು ಹೇಗೆ? ತಲೆ ಗಿರ್ರೆಂದಿತು. ಅವಳು ಹಿಂದಿರುಗಿ, “ಸೊಗಸಪ್ಪ, ಸ್ವಲ್ಪ ತಡಿ” ಎಂದಳು.

ಅಷ್ಟರಲ್ಲಿ ಅವನು ಹಿತ್ತಾಳೆ ಮೂತಿಯನ್ನು ಹಲ್ಲಲ್ಲಿ ಕಚ್ಚಿ ತಿರುಚಿಬಿಟ್ಟಿದ್ದ.

ಢಬ್ ಎಂದಿತು. ಮೂತಿ ನಾಲ್ಕು ಹಲ್ಲು ಹೊತ್ತುಕೊಂಡು ಲಂಟಾನ ಪೊದೆಯೊಳಕ್ಕೆ ಹಾರಿತು. ಪೈಪು ಕೆರಳಿದ ಕೇರೆಹಾವಿನಂತೆ ನರಿಯ ಬೆನ್ನಿಗೆ, ಕಿವಿಗೆ, ಮತ್ತೆ ಬೆನ್ನಿಗೆ ಬಾರಿಸಿತು. ಧೂಳಿನಲ್ಲಿ ತಿಪ್ಪಕ್ಕನಿಗೆ ಏನೂ ಕಾಣಲಿಲ್ಲ. ಪೈಪಿನ ಹತ್ತಿರ ಸುಳಿಯದೆ, ಯಂತ್ರದ ಹಿಂದಿನಿಂದ ಬಳಸಿ ಬಂದು ತಡಕಾಡಿ, ಪೈಪಿಗೆ ಗಾಳಿ ಬಿಡುವ ತಿರುಪನ್ನು ಮುಚ್ಚಿದಳು. ಪೈಪು ಪೊತ್ತೆಂದು ಬಿತ್ತು. ಹೊಟ್ಟೆಯಡಿಯ ನಲ್ಲಿ ತಿರುಗಿಸಿದಾಗ ತುಕ್ಕಿನ ಕೆಂಪು ನೀರು ಚಿಮ್ಮಿತು, ಗಾಳಿ ಬಹಳ ಹೊತ್ತು ಬುಸುಗುಟ್ಟಿತು. ಮುಳ್ಳು ನಿಧಾನವಾಗಿ ಇಳಿಯಿತು.

“ಅಥು ಥತ್ತಿತ್ತು” ಎಂದ ಸೊಗಸಪ್ಪ, ಬಾಯಿ ಹಿಡಿದುಕೊಂಡು.

“ನನಗೂ ಹಾಗೇ ಅನ್ನಿಸಿತ್ತು” ಎಂದಳು ತಿಪ್ಪಕ್ಕ.

ಹಿತ್ತಾಳೆ ಮೂತಿ ಪೊದೆಯಲ್ಲಿ ಸಿಕ್ಕಿತು. ಹಲ್ಲು ಸಿಗಲಿಲ್ಲ. ಅಂದಿನಿಂದ ನರಿಗೆ ಅಗಿಯದೆ ನುಂಗಬಹುದಾದ ಊಟವೆಂದರೆ ಗೆದ್ದಲೊಂದೇ. ದಿನಾ ಹುತ್ತದ ಪಕ್ಕ ಕೈಕಟ್ಟಿ ಕೂರುತ್ತಾನೆ. ಮುಳ್ಳು ಸೊನ್ನೆ ಮುಟ್ಟುವವರೆಗೆ ತಿಪ್ಪಕ್ಕ ಬಡಿಸುವುದಿಲ್ಲ.

ನೀತಿ: ಸದ್ದು ನಿಂತ ಮಾತ್ರಕ್ಕೆ ಬಲ ಅಡಗಿತೆಂದು ತಿಳಿಯಬಾರದು, ಒಳಗಿನ ಒತ್ತಡ ಪೂರ್ತಿ ಇಳಿದ ಮೇಲೆಯೇ ಬಿಚ್ಚಲು ಕೈ ಹಾಕಬೇಕು.