ಅರೆಯೇರಿಯನ್ನು ಕಟ್ಟಿದ ಗುಂಡಬೋವಿ

ಹೆದ್ದಾರಿ ಬಿಟ್ಟು ಬಡಗಲಿಗೆ ತಿರುಗಿದ ಸ್ವಲ್ಪ ಹೊತ್ತಿಗೆಲ್ಲ ಹೊಲಗಳು ಹಿಂದೆ ಬಿದ್ದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಕಣ್ಣು ಹಾಯುವಷ್ಟು ದೂರ ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಕುಳ್ಳು ಜಾಲಿ, ಅವುಗಳ ನಡುವೆ ಬೂದು ಮೈಯ ನೀಳ ಕೊಂಬಿನ ದನಗಳು. ಈ ಬಯಲಿನ ನಟ್ಟನಡುವೆ ಇರುವ ಸಣ್ಣ ಪೇಟೆಯ ಹೆಸರು ಅರೆಯೇರಿ. ಇರುವುದೊಂದೇ ಬೀದಿ. ಎರಡೂ ಬದಿಗೆ ಹಗ್ಗ, ಮೂಗುದಾರ, ಕೊರಳಗಂಟೆ ಮಾರುವ ಅಂಗಡಿಗಳು, ಟೀ ಅಂಗಡಿ, ಬೀದಿ ಮುಗಿದಲ್ಲಿ ದನದ ಸಂತೆ ಸೇರುವ ಬಯಲು. ಸಂತೆಗೆ ಬಂದ ಹೊರಗಿನವರು ಬಿಸಿಲಿಳಿದ ಮೇಲೆ ಪೇಟೆಯ ಪಡುವಣಕ್ಕೆ ನಡೆದುಹೋಗಿ ಅಲ್ಲಿರುವ ಏರಿಯನ್ನು ನೋಡಿ ಬರುವುದುಂಟು. ಎರಡು ಬೋಳುಗುಡ್ಡಗಳ ನಡುವೆ ಕಟ್ಟಲು ಹೊರಟ ಕೆರೆಯ ಏರಿ ಅದು. ಮೂಡಣ ಗುಡ್ಡದಿಂದ ಹೊರಟು, ಹಳ್ಳವನ್ನು ದಾಟಿ, ನಡುವಿನ ದಿಣ್ಣೆಯವರೆಗೆ ಬಂದು ನಿಂತುಬಿಟ್ಟಿದೆ. ದಿಣ್ಣೆಯಿಂದ ಆಚೆ ಪಡುವಣ ಗುಡ್ಡದವರೆಗೆ ಬರೀ ಹುಲ್ಲು. ನೋಡಿ ಬಂದವರು ಕೇಳುವ ಪ್ರಶ್ನೆ ಒಂದೇ, ಏರಿ ಯಾವ ಮಳೆಗೆ ಒಡೆಯಿತು ಎಂದು. ಇದನ್ನು ಕೇಳಿ ಕೇಳಿ ಊರಿನ ಹಿರಿಯರಿಗೆ ಸಾಕಾಗಿಹೋಗಿದೆ. ಒಡೆದಿಲ್ಲ, ಅದು ಇರುವುದೇ ಅಷ್ಟು ಎಂದರೆ ಯಾರೂ ನಂಬುವುದಿಲ್ಲ. ನಂಬಿಸುವ ಸಹನೆ ಇನ್ನೂ ಉಳಿದಿರುವ ಒಬ್ಬಿಬ್ಬರು ಮಾತ್ರ ಗುಂಡಬೋವಿಯ ಸಂಗತಿಯನ್ನು ಮೊದಲಿನಿಂದ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಸೀಮೆ ಪಾಳೇಗಾರರ ಕೈಯಲ್ಲಿತ್ತು. ಆಗ ಪೇಟೆ ಇರಲಿಲ್ಲ. ದನ ಕಾಯುವ ಗೊಲ್ಲರ ಹಟ್ಟಿಯೊಂದಿತ್ತು, ಹಟ್ಟಿಯ ಪಕ್ಕದಲ್ಲಿ ಹಿಂಡು ಕೂಡುವ ಮುಳ್ಳುಬೇಲಿಯ ರೊಪ್ಪಗಳಿದ್ದವು. ಪಾಳೇಗಾರನ ತೋಪುಬಂಡಿ ಎಳೆಯುವ ಎತ್ತುಗಳೆಲ್ಲ ಇಲ್ಲಿಯೇ ಹುಟ್ಟಿ ಬೆಳೆಯುತ್ತಿದ್ದವು. ಕಾಡುಮೃಗದಂಥ ದನಗಳವು, ಹೊಸಬರ ವಾಸನೆ ಬಡಿದರೆ ಕೊಂಬು ತಗ್ಗಿಸುತ್ತಿದ್ದವು, ಸಾಕಿದವರ ಮಾತನ್ನೂ ಮನಸ್ಸು ಬಂದರಷ್ಟೇ ಕೇಳುತ್ತಿದ್ದವು ಎನ್ನುತ್ತಾರೆ. ಒಂದು ಬೇಸಿಗೆಯಲ್ಲಿ ಹಳ್ಳ ತಳ ಕಂಡಿತು. ನೀರು ಹುಡುಕಿ ದೂರ ನಡೆಯಲಾರದ ಕರುಗಳು ದಾರಿಯಲ್ಲೇ ಬಿದ್ದು ಸತ್ತವು. ಎತ್ತುಗಳ ಸಂತಾನವೇ ಕಡಿದುಹೋದೀತೆಂದು ಪಾಳೇಗಾರನಿಗೆ ಚಿಂತೆ ಹತ್ತಿತು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕೆರೆ ಮಾಡಬೇಕೆಂದು ಅಪ್ಪಣೆಯಾಯಿತು. ಆ ಕೆಲಸಕ್ಕೆ ಕರೆಸಿದ್ದು ಗುಂಡಬೋವಿಯನ್ನು. ಕಲ್ಲು ಮಣ್ಣಿನ ಕೆಲಸದಲ್ಲಿ ಅವನ ಸರಿಸಮಾನರು ಆಗ ಯಾರೂ ಇರಲಿಲ್ಲ. ಅವನು ಕಟ್ಟಿದ ಏರಿಯ ಕೆಳಗೆ ತೊಟ್ಟಿಲು ಕಟ್ಟಿ ಮಗುವನ್ನು ಮಲಗಿಸಬಹುದು ಎಂಬ ಮಾತು ಸೀಮೆಯಲ್ಲೆಲ್ಲ ಇತ್ತು. ಒಪ್ಪಿಕೊಂಡ ಏರಿಯನ್ನು ಮುಗಿಸದೆ ಅವನು ಎಂದೂ ಎದ್ದವನಲ್ಲ. ಪಾಳೇಗಾರನೇ ತೊಡಿಸಿದ ಬೆಳ್ಳಿಯ ಕಡಗವೊಂದು ಅವನ ಬಲಗೈಯಲ್ಲಿತ್ತು. ಅದನ್ನು ಅವನು ಮಣ್ಣು ಕಲಸುವಾಗಲೂ ತೆಗೆಯುತ್ತಿರಲಿಲ್ಲ.

ಹೆಂಡತಿ ಸುಂಕ್ಲಮ್ಮ, ಬಳಗದವರು, ಕತ್ತೆಗಳು, ಹಾರೆ ಗುದ್ದಲಿಗಳೊಂದಿಗೆ ಗುಂಡಬೋವಿ ಬಂದು ಮೂಡಣ ಗುಡ್ಡದ ಬುಡದಲ್ಲಿ ಬೀಡುಬಿಟ್ಟ. ಹಟ್ಟಿಯ ಹಿರಿಯಳು ಕಾಟಮ್ಮ ಎಂಬ ವಿಧವೆ. ಅವಳೇ ಮುಂದಾಗಿ ಬಂದು ಮಜ್ಜಿಗೆ ಕೊಟ್ಟಳು. ಅವನು ಏರಿಯ ಜಾಡನ್ನು ಗೆರೆ ಎಳೆದು ತೋರಿಸಿದಾಗ ಆಗಲಿ ಎಂದಳು. ನಡುವಿನ ದಿಣ್ಣೆಯ ಮೇಲೆ ದನಗಳು ಬೆಳಿಗ್ಗೆ ಸಂಜೆ ಓಡಾಡುವ ದಾರಿಯಿದೆ, ಅದನ್ನು ಸುತ್ತುಬಳಸಿ ಒಯ್ಯಬೇಕಾಗುತ್ತದೆ ಎಂದಾಗಲೂ, ಆಗಲಿ ನೋಡೋಣ ಎಂದಳು. ಹಟ್ಟಿಯವರೆಲ್ಲರೂ ತಲೆಯಾಡಿಸಿದರು. ಇಷ್ಟು ಸಲೀಸಾಗಿ ಒಪ್ಪುವ ಊರನ್ನು ತಾನು ಕಂಡೇ ಇಲ್ಲವೆಂದು ಗುಂಡಬೋವಿ ಹೆಂಡತಿಗೆ ಹೇಳಿದನಂತೆ. ಕೆಲಸವೂ ಹಾಗೆಯೇ ಸಾಗಿತು. ಮೂಡಣದಿಂದ ಎದ್ದ ಏರಿ ಹಳ್ಳವನ್ನು ಅಡ್ಡಗಟ್ಟಿ, ಒಳಮೈಗೆ ಕಲ್ಲು ಹೊದ್ದು, ಯಾವ ತಂಟೆಯೂ ಇಲ್ಲದೆ ದಿಣ್ಣೆಯ ಅಂಚನ್ನು ಮುಟ್ಟಿತು. ಕಾಟ ಶುರುವಾದದ್ದು ಅಲ್ಲಿಂದ ಮುಂದೆ.

ದಿಣ್ಣೆಯ ಮೇಲೆ ಹಗಲೆಲ್ಲ ಹಾಕಿದ ಮಣ್ಣು ಮರುದಿನ ಹೊತ್ತೇರುವಷ್ಟರಲ್ಲಿ ಚೆಲ್ಲಾಪಿಲ್ಲಿಯಾಗಿರುತ್ತಿತ್ತು. ದನ ತುಳಿದರೆ ಏರಿಯ ಮಣ್ಣು ಗಟ್ಟಿಯಾಗುತ್ತದೆ ಎಂಬುದು ಬೋವಿಗಳಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ಹಟ್ಟಿಯ ಈ ದನಗಳು ಬರೀ ತುಳಿಯಲಿಲ್ಲ. ತಮ್ಮ ದಾರಿಗೆ ಅಡ್ಡ ಎದ್ದದ್ದನ್ನು ಗೊರಸಿನಿಂದ ಕೆರೆದವು, ಕೊಂಬಿನಿಂದ ಎತ್ತಿ ಚೆಲ್ಲಿದವು, ಜೋಡಿಸಿದ ಕಲ್ಲುಗಳನ್ನು ಮೈಯಿಂದ ನೂಕಿ ಇಳಿಜಾರಿಗೆ ಉರುಳಿಸಿದವು. ಗುಂಡಬೋವಿ ಕಾಟಮ್ಮನಲ್ಲಿಗೆ ಹೋಗಿ ದೂರಿದ. ಅವಳು ಮರುಕಪಟ್ಟಳು, ಹುಡುಗರಿಗೆ ಹೇಳುತ್ತೇನೆ ಎಂದಳು. ಮರುದಿನವೂ ಅದೇ. ಅವನು ಜಾಲಿಮುಳ್ಳಿನ ಬೇಲಿ ಹಾಕಿಸಿದ. ಹಿಂಡು ಬೇಲಿಯನ್ನು ಹೊತ್ತುಕೊಂಡೇ ಹೋಯಿತು. ದನಗಳಿಗೆ ಬಳಸುದಾರಿಯೊಂದನ್ನು ಕಲ್ಲು ಆರಿಸಿ ಹಸನು ಮಾಡಿಕೊಟ್ಟ; ಅವು ಅತ್ತ ತಿರುಗಿಯೂ ನೋಡಲಿಲ್ಲ. ಮತ್ತೆ ಹೋಗಿ ಕೇಳಿದರೆ ಮತ್ತೆ ಮಜ್ಜಿಗೆ, ಮತ್ತೆ ಆಗಲಿ ಎಂಬ ಮಾತು. ನಾವು ಹೇಳಿದರೆ ಅವು ಕೇಳ್ತಾವಾ, ಮೂಕ ಜೀವ ಎಂದು ಹಟ್ಟಿಯವರು ಕೈಚೆಲ್ಲುತ್ತಿದ್ದರು. ಬೇಡ ಎಂದು ಜಗಳಕ್ಕೆ ನಿಂತಿದ್ದರೆ ಅವನು ಜಗಳವಾಡುತ್ತಿದ್ದ. ಈ ಜನ ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಬಂಡೆಯಾದರೆ ಬಿರುಕು ಹುಡುಕಿ ಉಳಿ ಇಡಬಹುದು, ಮೊಸರಿಗೆ ಉಳಿ ಇಟ್ಟು ಏನು ಮಾಡುವುದೆಂದು ಅವನು ಹಲ್ಲು ಕಡಿಯುತ್ತಿದ್ದ. ಬಳಗದವರ ಮೇಲೆ ಸಿಡುಕಿದ. ಸರಿಯಾಗಿದ್ದ ಕಲ್ಲನ್ನೇ ಸರಿಯಿಲ್ಲವೆಂದು ಕಿತ್ತೆಸೆದ. ಮೋಡಗಳು ದಿನದಿನಕ್ಕೆ ಹತ್ತಿರ ಬರುತ್ತಿದ್ದವು. ಮಳೆಗೆ ಮೊದಲು ಏರಿ ಕೂಡದಿದ್ದರೆ ಹೆಸರೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

ಒಂದು ಬೆಳಗಿನ ಜಾವ ಅವನು ದಿಣ್ಣೆಯ ಪಕ್ಕದ ಬಂಡೆಯ ಮೇಲೆ ಕೂತು ಕಾದ. ದನಗಳನ್ನು ಯಾರೋ ಬೇಕೆಂದೇ ಏರಿಯ ಮೇಲೆ ಹಾಯಿಸುತ್ತಿದ್ದಾರೆ ಎಂಬ ಗುಮಾನಿ ಅವನಿಗಿತ್ತು. ರೊಪ್ಪ ತೆರೆಯಿತು. ಮುಪ್ಪಿನ ಹಸುವೊಂದು ಮುಂದಾಗಿ ಹಿಂಡು ಬಂತು, ಹೊಸ ಮಣ್ಣಿನ ಮೇಲೆ ಬಿತ್ತು, ಹೋಯಿತು. ಯಾರೂ ಅಟ್ಟಲಿಲ್ಲ. ಆದರೆ ಹಿಂಡಿನ ಹಿಂದೆ ಬಂದ ಹಟ್ಟಿಯವರು, ಕಾಟಮ್ಮನೂ ಸೇರಿ, ದೂರದಲ್ಲಿ ಕೋಲೂರಿ ನಿಂತು ನೋಡುತ್ತಿದ್ದರು. ಒಬ್ಬರೂ ತಡೆಯಲು ಬಾಯಿ ತೆರೆಯಲಿಲ್ಲ. ಗುಂಡಬೋವಿ ಬಂಡೆಯಿಂದ ಧುಮುಕಿ ನೆಟ್ಟಗೆ ಅವಳ ಮುಂದೆ ಹೋಗಿ ನಿಂತ. ಕರುಗಳು ಬಾಯಿ ಬಿಟ್ಟು ಸತ್ತಿದ್ದನ್ನು ಕಂಡವರು ನೀವು, ನಿಮ್ಮ ನೀರಿಗಾಗಿ ನಾನು ಮೈ ಮುರಿಯುತ್ತಿದ್ದೇನೆ, ಬೇಡವಾಗಿದ್ದರೆ ಮೊದಲ ದಿನವೇ ಯಾಕೆ ಬಾಯಿಬಿಡಲಿಲ್ಲ ಎಂದು ಗದರಿಸಿ ಕೇಳಿದ.

ಕಾಟಮ್ಮ ಸುತ್ತ ಇದ್ದವರನ್ನು ಕಣ್ಣಿನಲ್ಲೇ ಕಳುಹಿಸಿ ಕೋಲಿನ ಮೇಲೆ ಕೈ ಹೇರಿದಳು. "ನೀನು ಪಾಳೇಗಾರನ ಅಪ್ಪಣೆ ಹೊತ್ಕಂಡು ಬಂದೋನು. ಅಪ್ಪಣೆಗೆ ಬ್ಯಾಡ ಅನ್ನೋ ಬಾಯಿ ನಮಗೆಲ್ಲೈತಪ್ಪ? ಅದಕ್ಕೇ ಆಗಲಿ ಅಂದ್ವಿ," ಎಂದಳು. ಆಮೇಲೆ, ತಾನು ಹುಟ್ಟಿದ ಹಟ್ಟಿಯ ಮುಂದೆಯೂ ಹೀಗೆಯೇ ಕೆರೆಯೊಂದು ಆಗಿತ್ತೆಂದು ಹೇಳಿದಳು. ಕೆರೆ ತುಂಬಿದ ವರ್ಷ ಹಟ್ಟಿಯವರೇ ಕುಣಿದರಂತೆ. ಕೆಲವು ಮಳೆಗಾಲ ಕಳೆಯುವುದರೊಳಗೆ ಏರಿಯ ಕೆಳಗಿನ ಹುಲ್ಲೆಲ್ಲ ಗದ್ದೆಯಾಯಿತು. ದನ ಗದ್ದೆಗೆ ಬಿದ್ದವೆಂದು ಅವಳ ಅಪ್ಪನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಹಟ್ಟಿ ಕಿತ್ತುಕೊಂಡು ಇಲ್ಲಿಗೆ ಬರಬೇಕಾಯಿತು. "ನೀರಿನ ಹಿಂದೇನೇ ನೇಗಿಲು ಬತ್ತದೆ. ಇಲ್ಲಿಂದ ಎಬ್ಬಿಸಿದ್ರೆ ಇನ್ನೆಲ್ಲಿಗೆ ಹೋಗಾನ?"

"ಹಂಗಾದ್ರೆ ಕರ ಸಾಯಲಿ ಅಂತೀಯಾ, ದೊಡ್ಡವ್ವ?" ಎಂದು ಗುಂಡಬೋವಿ ಕೇಳಿದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹಿಂಡಿನ ಹಿಂದೆ ನಡೆದಳು. ಅವನು ಬೀಡಿಗೆ ಬಂದು ಹಾರೆಯನ್ನು ನೆಲಕ್ಕೆ ಅಪ್ಪಳಿಸಿ ಕೂತ. ಅವಳು ಹೇಳಿದ್ದು ಸುಳ್ಳಲ್ಲವೆಂದು ಅವನಿಗೆ ಗೊತ್ತಿತ್ತು. ತಾನು ಕಟ್ಟಿದ ಕೆರೆಗಳ ಕೆಳಗೆ ಗದ್ದೆಗಳನ್ನು ಕಂಡು ಹೆಮ್ಮೆಪಟ್ಟವನೇ ಅವನು. ಅದಕ್ಕೆ ಮುಂಚೆ ಅಲ್ಲಿ ಯಾರ ದನ ಮೇಯುತ್ತಿದ್ದವೆಂದು ಒಂದು ಸಲವೂ ಕೇಳಿರಲಿಲ್ಲ. ಹಾಗೆಂದು ಸತ್ತ ಕರುಗಳೂ ಸುಳ್ಳಲ್ಲ. ಯಾವ ಕಡೆ ತಿರುಗಿದರೂ ಗೋಡೆ. ಎಲ್ಲವನ್ನೂ ಕೇಳಿಸಿಕೊಂಡ ಸುಂಕ್ಲಮ್ಮ, ಈಗ ಕಟ್ಟಿರುವಷ್ಟಕ್ಕೆ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಒಂದು ಮಾತು ಕೇಳಿದಳು. ಅರ್ಧ ಏರಿಯ ಮಾತೆತ್ತಿದ್ದಕ್ಕೆ ಅವನು ಅವಳ ಮೇಲೆ ಹರಿಹಾಯ್ದ. ಆದರೆ ಕೇಳಿದ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬನೇ ಹೋಗಿ ದಿಣ್ಣೆಯ ಎತ್ತರವನ್ನೂ ಹಳ್ಳದ ತಗ್ಗನ್ನೂ ಕಣ್ಣಳತೆಯಲ್ಲಿ ನೋಡಿದ. ಏರಿ ಇಲ್ಲಿಗೇ ನಿಂತರೆ ಹಳ್ಳದ ತಗ್ಗಿನಲ್ಲಿ ನೀರು ದಿಣ್ಣೆಯಾಚೆಯ ನೆಲದ ಮಟ್ಟದವರೆಗೆ ನಿಂತು, ಮಿಕ್ಕದ್ದು ಪಡುವಣದ ತೆರಪಿನಿಂದ ಹರಿದುಹೋಗುತ್ತದೆ. ತೂಬು ಇಡದಿದ್ದರೆ ನಿಂತ ನೀರು ಗದ್ದೆಗೆ ಇಳಿಯುವುದಿಲ್ಲ, ದನ ಕುಡಿಯುವುದಕ್ಕೆ ಉಳಿಯುತ್ತದೆ. ಬಿರುಬೇಸಿಗೆಯ ಕೊನೆಯವರೆಗೆ ಸಾಲಲಿಕ್ಕಿಲ್ಲ. ಆದರೆ ಕರುಗಳು ಸಾಲುಸಾಲಾಗಿ ಸಾಯುವುದು ತಪ್ಪುತ್ತದೆ.

ಮರುದಿನದಿಂದ ಅವನು ದಿಣ್ಣೆಯ ಮೇಲೆ ಒಂದು ಬುಟ್ಟಿ ಮಣ್ಣನ್ನೂ ಹಾಕಿಸಲಿಲ್ಲ. ಅಲ್ಲಿಗೇ ಏರಿಯ ಕೊನೆಯನ್ನು ಕಟ್ಟಲು ಕೂತ. ಇದ್ದುದರಲ್ಲೇ ಒಳ್ಳೆಯ ಕಲ್ಲುಗಳನ್ನು ಆರಿಸಿ, ತಾನೇ ಉಳಿ ಹಿಡಿದು, ಒಂದರ ತುಟಿಗೆ ಇನ್ನೊಂದು ಕೂರುವಂತೆ ಕೆತ್ತಿದ. ಯಾಕೆ ಹೀಗೆಂದು ಬಳಗದವರಿಗೂ ಹೇಳಲಿಲ್ಲ, ಹಟ್ಟಿಗೂ ಹೇಳಿಕಳಿಸಲಿಲ್ಲ. ಕಟ್ಟುತ್ತಿದ್ದಾಗಲೆಲ್ಲ ಅವನ ಮುಖ ಸಿಡಿಮಿಡಿಗುಟ್ಟುತ್ತಲೇ ಇತ್ತು ಎನ್ನುತ್ತಾರೆ. ಮೊದಲ ಮಳೆಯ ಹಿಂದೆಯೇ ಪಾಳೇಗಾರನ ಕೆಲಸಗಳನ್ನು ನೋಡಿಕೊಳ್ಳುವ ಪಾರುಪತ್ತೇಗಾರ ಕುದುರೆಯೇರಿ ಬಂದ. ಅರ್ಧಕ್ಕೆ ನಿಂತ ಏರಿಯನ್ನು ನೋಡಿ, ಹಟ್ಟಿಯವರು ಅಡ್ಡಿ ಮಾಡಿದರೇ ಎಂದು ಮೊದಲು ಅದನ್ನೇ ಕೇಳಿದ. ಹಟ್ಟಿಯವರೆಲ್ಲ ಅಲ್ಲೇ ನಿಂತಿದ್ದರು. ಹೌದೆಂದರೆ ಕೋಲು ಹಿಡಿದ ಬಂಟರು ಬರುತ್ತಾರೆ, ಏರಿಯೂ ಕೂಡುತ್ತದೆ, ತೂಬೂ ಕೂರುತ್ತದೆ. ಗುಂಡಬೋವಿ ಕಾಟಮ್ಮನ ಕಡೆ ನೋಡಲಿಲ್ಲ.

"ಯಾರೂ ಅಡ್ಡಿ ಮಾಡಲಿಲ್ಲ ಬುದ್ಧೀ. ನೆಲ ಹಿಡೀಲಿಲ್ಲ. ನನ್ನ ಕೈಯಾಗೆ ಆಗಲಿಲ್ಲ."

ಹುಟ್ಟಿದಂದಿನಿಂದ ಅವನು ಆಡದಿದ್ದ ಮಾತು ಅದು. ಪಾರುಪತ್ತೇಗಾರ ಅಲ್ಲಿಯೇ ಬೆಳ್ಳಿಯ ಕಡಗವನ್ನು ಕಳಚಿಸಿದ. ಇನ್ನು ಮುಂದೆ ಪಾಳ್ಯದ ಯಾವ ಕೆರೆಗೂ ಗುಂಡಬೋವಿಯನ್ನು ಕರೆಯಬಾರದೆಂದು ಸಾರಿಸಿದ. ಉಳಿದರ್ಧವನ್ನು ಮುಗಿಸಲು ಬೇರೆ ಬೋವಿಗಳಿಗೆ ಹೇಳಿಕಳಿಸಿದರೆ, ಗುಂಡಬೋವಿಯ ಕೈಯಲ್ಲಾಗದ ನೆಲವನ್ನು ನಾವು ಮುಟ್ಟುವುದಿಲ್ಲ ಎಂದು ಒಬ್ಬೊಬ್ಬರೇ ಹಿಂದೆ ಸರಿದರಂತೆ.

ಬೀಡು ಕಿತ್ತು ಹೊರಟ ಬೆಳಿಗ್ಗೆ ಹಟ್ಟಿಯಿಂದ ಒಬ್ಬರೂ ಬರಲಿಲ್ಲ. ಪಾರುಪತ್ತೇಗಾರನ ಬಂಟರು ಇನ್ನೂ ಅಲ್ಲಿಯೇ ಇದ್ದುದರಿಂದ ಉಪಕಾರದ ಮಾತಾಡುವುದೂ ಅಪಾಯವೆಂದು ಗುಂಡಬೋವಿಗೆ ತಿಳಿಯದೆ ಇರಲಿಲ್ಲ. ಆದರೂ ಒಂದು ಚೊಂಬು ಮಜ್ಜಿಗೆಗೂ ತಾನು ಸಲ್ಲಲಿಲ್ಲವಲ್ಲ ಎಂದು ಅವನ ಹೊಟ್ಟೆ ಉರಿಯಿತು. ಹೊರೆ ಹೊತ್ತ ಕತ್ತೆಗಳನ್ನು ದಿಣ್ಣೆಯ ಮೇಲೆ ದಾಟಿಸಬೇಕು ಎನ್ನುವಾಗಲೇ ಎದುರಿನ ರೊಪ್ಪಗಳು ತೆರೆದು ಹಿಂಡು ನುಗ್ಗಿ ಬಂತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡರು. ಆಗ ಕಾಟಮ್ಮ ಎಲ್ಲಿಂದಲೋ ಬಂದು ದಾರಿಯ ನಡುವೆ ಕೋಲನ್ನು ಅಡ್ಡ ಹಿಡಿದು ನಿಂತು ಒಂದೇ ಒಂದು ಕೂಗು ಹಾಕಿದಳು. ಮುಂದಿದ್ದ ಮುಪ್ಪಿನ ಹಸು ನಿಂತಿತು. ಅದರ ಹಿಂದೆ ಹಿಂಡಿಗೆ ಹಿಂಡೇ ಕಾಲು ಕೀಲಿಸಿದಂತೆ ನಿಂತಿತು. ಕೊನೆಯ ಕತ್ತೆ ದಾಟುವವರೆಗೆ ಒಂದು ಕರುವೂ ಕದಲಲಿಲ್ಲ.

ಬೇಕೆಂದಿದ್ದರೆ ಯಾವ ದಿನ ಬೇಕಾದರೂ ಅವಳು ಹೀಗೆ ನಿಲ್ಲಿಸಬಹುದಿತ್ತು ಎಂಬುದು ಗುಂಡಬೋವಿಗೆ ಆಗ ಹೊಳೆಯಿತು. ಸಿಟ್ಟು ನೆತ್ತಿಗೇರಿ ಅವನು ತಿರುಗಿ ನೋಡಿದ. ಕಾಟಮ್ಮ ಕೋಲನ್ನು ಕಂಕುಳಲ್ಲಿಟ್ಟು, ಬಂಟರ ಎದುರಿಗೇ ಅವನಿಗೆ ಎರಡೂ ಕೈ ಮುಗಿದಳು. ಮುಂದೆ ಏನಾಯಿತೆಂಬುದರಲ್ಲಿ ಹೇಳುವವರಿಗೆ ಒಮ್ಮತವಿಲ್ಲ. ಅವನು ನಕ್ಕುಬಿಟ್ಟ ಎಂದು ಕೆಲವರು ಹೇಳುತ್ತಾರೆ. ನೆಲಕ್ಕೆ ಉಗಿದು ಕತ್ತೆಯ ಬೆನ್ನಿಗೊಂದು ಬಾರಿಸಿ ನಡೆದ ಎನ್ನುವವರೇ ಹೆಚ್ಚು. ಅವನು ಮತ್ತೆಂದೂ ಈ ಕಡೆ ಬರಲಿಲ್ಲ. ಅವನನ್ನು ಹಂಗಿಸಲು ಸೀಮೆಯವರು ಅರೆಯೇರಿ ಬೋವಿ ಎಂದು ಕರೆದರು. ಬೈಗುಳವಾಗಿ ಹುಟ್ಟಿದ ಆ ಮಾತೇ ಕ್ರಮೇಣ ಹಟ್ಟಿಗೆ, ಆಮೇಲೆ ಪೇಟೆಗೆ ಹೆಸರಾಗಿ ನಿಂತಿತು.

ಈಗಲೂ ದಿಣ್ಣೆಯ ಬಳಿ ಹೋದವರು ಏರಿಯ ಕೊನೆಯನ್ನು ಕೈಯಿಂದ ಸವರಿ ನೋಡಬಹುದು. ನೀರು ಕೊಚ್ಚಿದ ಏರಿಯ ತುದಿ ಹರಿದ ಬಟ್ಟೆಯ ಹಾಗಿರುತ್ತದೆ. ಇಲ್ಲಿ ಕೆಳಗಿನಿಂದ ಮೇಲಿನವರೆಗೆ ಕೆತ್ತಿ ಕೂರಿಸಿದ ಕಲ್ಲು, ಸಂದಿನಲ್ಲಿ ಹುಲ್ಲುಕಡ್ಡಿಯೂ ತೂರುವುದಿಲ್ಲ. ದನಗಳು ಹೋಗುತ್ತ ಬರುತ್ತ ಮೈಯುಜ್ಜಿ ಸೊಂಟದೆತ್ತರದವರೆಗೆ ಅದು ನುಣುಪಾಗಿದೆ. ಮಳೆ ಕೈಕೊಟ್ಟ ವರ್ಷ ಶಿವರಾತ್ರಿ ದಾಟುತ್ತಿದ್ದಂತೆ ನೀರು ಕೆಸರಾಗುತ್ತದೆ, ಆಗ ದನ ಕಾಯುವವರು ಅರ್ಧಕ್ಕೆ ಬಿಟ್ಟುಹೋದ ಬೋವಿಯನ್ನು ಶಪಿಸುತ್ತಾರೆ. ಉಳಿದ ವರ್ಷಗಳಲ್ಲಿ ಸಂಜೆಯ ಹೊತ್ತಿಗೆ ಹಿಂಡುಗಳು ದಿಣ್ಣೆಯ ಮೇಲಿಂದ ಇಳಿದು ಬಂದು, ಮುಂಗಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ತಲೆ ಎತ್ತದೆ ಕುಡಿಯುತ್ತವೆ. ಏರಿಯ ಕೆಳಗೆ ದೂರದವರೆಗೆ ಹುಲ್ಲು, ನೇಗಿಲಿನ ಒಂದು ಗೆರೆಯೂ ಕಾಣುವುದಿಲ್ಲ.