ಕಣ್ಣು ಮುಚ್ಚಿದ ಸಭೆ

“ಅಯ್ಯನವರೇ, ಕಿವಿ ಕೇಳದ ಜನರಿಗೆ ನಾನು ಮೊಟ್ಟಮೊದಲು ಏನನ್ನು ಕಲಿಸಲಿ?” ಎಂದು ಎಲೀಷ ಕೇಳಿದ.

ಎಲೀಷ ಬೈಬಲ್ ಶಾಲೆಯ ವಿದ್ಯಾರ್ಥಿ. ಸಮುದ್ರದಾಚೆಯ ದೇಶದಲ್ಲಿ ಕಿವುಡರದೇ ಒಂದು ಸಭೆಯಿತ್ತು. ಅಲ್ಲಿ ಕೆಲವು ದಿನ ಸೇವೆ ಮಾಡಿ ಬರಲು ಮರುವಾರ ಅವನು ತಂಡದ ಜೊತೆ ಹೊರಡುವವನಿದ್ದ. ಈಗಲೇ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹನೋಕ ಅಯ್ಯನವರು ಅವನ ಗುರುಗಳು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. “ಕೂತುಕೋ” ಎಂದು ಬೆಂಚು ತೋರಿಸಿ ಹೇಳತೊಡಗಿದರು.

ಒಬ್ಬ ಬೋಧಕನಿದ್ದ. ದೇವರು ಅವನಿಗೆ ಕೊಟ್ಟದ್ದರಲ್ಲೆಲ್ಲ ದೊಡ್ಡದು ಗಂಟಲು. ಅವನು ಪ್ರಸಂಗಕ್ಕೆ ನಿಂತರೆ ದೇವಾಲಯದ ಹೊರಗೆ ಬಾಡಿಗೆಗೆ ಕಾದು ನಿಂತ ಆಟೋದವರೂ ಪಶ್ಚಾತ್ತಾಪ ಪಡಬೇಕಾಗುತ್ತಿತ್ತು. ಅಂಥವನನ್ನು ಅವನ ಸಭೆಯವರು ಹುಡುಕಿ ಹುಡುಕಿ ಕಳಿಸಿದ್ದು ಎಲ್ಲಿಗೆ? ದೂರದ ದ್ವೀಪವೊಂದರ ಕಿವುಡರ ಸಭೆಗೆ. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕೆನಿಸುತ್ತದೆ.

ಅಲ್ಲಿ ಅವನ ಮಾತನ್ನು ಸನ್ನೆ ಭಾಷೆಗೆ ತಿರುಗಿಸಿ ಹೇಳಲು ಒಬ್ಬ ತರುಣಿ ಪಕ್ಕದಲ್ಲಿ ನಿಂತಳು. ಅವಳಿಗೆ ಕಿವಿ ಕೇಳುತ್ತಿತ್ತು. ಅವಳ ಅಪ್ಪ ಅಮ್ಮನಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಬಾಯಿಗಿಂತ ಮೊದಲು ಕೈಯಿಂದಲೇ ಮಾತು ಕಲಿತವಳು. ಬೋಧಕ ಕಿಟಕಿಯ ಗಾಜು ನಡುಗುವಂತೆ ಗುಡುಗಿದ. ಅವಳು ಅದನ್ನೆಲ್ಲ ಸದ್ದಿಲ್ಲದೆ ಬೆರಳುಗಳಲ್ಲಿ ಹೇಳಿ ಮುಗಿಸಿದಳು. ಜನರ ಕಣ್ಣೆಲ್ಲ ಅವಳ ಕೈಗಳ ಮೇಲೆ. ತನ್ನ ಕಡೆ ಯಾರೂ ನೋಡುತ್ತಿಲ್ಲವಲ್ಲ ಎಂದು ಬೋಧಕನಿಗೆ ಒಳಗೊಳಗೇ ಇರುಸುಮುರುಸಾಯಿತು. ಆದರೂ ತೋರಗೊಡಲಿಲ್ಲ.

ಪ್ರಸಂಗ ಮುಗಿದಾಗ ಒಬ್ಬ ಅಜ್ಜಿ ಎದ್ದು ಮುಂದೆ ಬಂದಳು. ಅವಳ ಸನ್ನೆಗಳನ್ನು ತರುಣಿ ಬೋಧಕನಿಗೆ ಬಿಡಿಸಿ ಹೇಳಿದಳು. ಅಜ್ಜಿಯ ಮೊಮ್ಮಗನಿಗೆ ಮರುದಿನ ಬೆಳಿಗ್ಗೆ ಪಟ್ಟಣದ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್. ಅವನಿಗೂ ಕಿವಿ ಕೇಳದು. ಹುಡುಗ ತುಂಬ ಹೆದರಿದ್ದಾನೆ. ದೂರದಿಂದ ಬಂದ ಬೋಧಕರು ತನಗಾಗಿ ದೇವರ ಹತ್ತಿರ ಏನು ಕೇಳಿಕೊಂಡರು ಎಂಬುದನ್ನು ತಿಳಿದು ಬಂದು ಹೇಳು ಎಂದು ಅಜ್ಜಿಯನ್ನು ಕಳಿಸಿದ್ದಾನೆ. ಸಂಜೆಯ ದೋಣಿಗೆ ಅವಳು ವಾಪಸು ಹೋಗಬೇಕು.

ಬೋಧಕನ ಕರುಳು ಚುರ್ ಎಂದಿತು. ಅವನ ಗಂಟಲು ದೊಡ್ಡದಾದರೂ ಮನಸ್ಸು ಸಣ್ಣದಲ್ಲ. “ಈಗಲೇ ಪ್ರಾರ್ಥಿಸೋಣ. ಎಲ್ಲರೂ ಕಣ್ಣು ಮುಚ್ಚಿ” ಎಂದ.

ತರುಣಿಯ ಕೈಗಳು ಗಾಳಿಯಲ್ಲೇ ನಿಂತವು. “ಪಾಸ್ಟರ್, ನಮ್ಮಲ್ಲಿ ಪ್ರಾರ್ಥನೆಗೆ ಯಾರೂ ಕಣ್ಣು ಮುಚ್ಚುವುದಿಲ್ಲ.”

“ದೇವರ ಮುಂದೆ ಕಣ್ಣು ಬಿಟ್ಟುಕೊಂಡು ಕೂರುವುದೇ? ಇಷ್ಟು ವರ್ಷ ಇವರಿಗೆ ಯಾರೂ ಭಯಭಕ್ತಿ ಹೇಳಿಕೊಡಲಿಲ್ಲವೇ? ಮುಚ್ಚಲು ಹೇಳಮ್ಮ. ನೀನೂ ಮುಚ್ಚು.”

ಅವಳು ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಕಣ್ಣು ಮುಚ್ಚಿಯೇ ಹೋಗಿತ್ತು. ಬೇರೆ ದಾರಿ ಕಾಣದೆ ಅವಳು ಅವನ ಮಾತನ್ನು ಜನರಿಗೆ ತಿಳಿಸಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಮುದ್ರ ದಾಟಿ ಬಂದ ಅತಿಥಿ, ಮನಸ್ಸು ನೋಯಿಸುವುದು ಬೇಡ ಎಂದು ಎಲ್ಲರೂ ಕಣ್ಣು ಮುಚ್ಚಿದರು. ಒಲೆಯ ಮೇಲೆ ಅನ್ನಕ್ಕಿಟ್ಟು ಬಂದಿದ್ದ ಅಡುಗೆಯಾಕೆಯೂ ಹಿಂದಿನ ಬೆಂಚಿನಲ್ಲಿ ಕೂತು ಮುಚ್ಚಿದಳು. ತರುಣಿಯ ಕೈಗೆ ಕೆಲಸವಿಲ್ಲದಂತಾಯಿತು.

ಬೋಧಕ ಮನಸಾರೆ ಪ್ರಾರ್ಥಿಸಿದ. ಆಕಾಶದಿಂದ ಆರಂಭಿಸಿ ಆಸ್ಪತ್ರೆಗೆ ಬರುವ ಹೊತ್ತಿಗೆ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೊನೆಗೆ “ಆಮೆನ್” ಎಂದು ಕಣ್ಣು ತೆರೆದ. ಯಾರೂ ಕಣ್ಣು ತೆರೆಯಲಿಲ್ಲ. ಇನ್ನೂ ಗಟ್ಟಿಯಾಗಿ “ಆಮೆನ್” ಎಂದ. ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಒಳಗೆ ಒಂದು ರೆಪ್ಪೆಯೂ ಅಲುಗಲಿಲ್ಲ.

ಬೋಧಕನ ಮೈ ನವಿರೆದ್ದಿತು. ತನ್ನ ಊರಿನಲ್ಲಿ ಅರ್ಧ ಪ್ರಾರ್ಥನೆಗೇ ಜನ ಗಡಿಯಾರ ನೋಡುತ್ತಾರೆ. ಇಲ್ಲಿ ಆಮೆನ್ ಆದರೂ ದೇವರನ್ನು ಬಿಡುತ್ತಿಲ್ಲವಲ್ಲ! ತರುಣಿ “ಪಾಸ್ಟರ್, ಅವರಿಗೆ...” ಎಂದು ಶುರುಮಾಡಿದಳು. ಅವನು ತುಟಿಯ ಮೇಲೆ ಬೆರಳಿಟ್ಟು ಅವಳನ್ನು ಸುಮ್ಮನಾಗಿಸಿದ. ತನ್ನ ಜೊತೆ ಬಂದಿದ್ದ ತಂಡದವನೊಬ್ಬನಿಗೆ ಫೋಟೋ ತೆಗೆಯಲು ಸನ್ನೆ ಮಾಡಿದ. ಅಲ್ಲಿಗೆ ಬಂದ ಮೇಲೆ ಅವನು ಮಾಡಿದ ಮೊದಲ ಸನ್ನೆಗಳು ಇವೇ ಎರಡು. ಆಮೇಲೆ ಹಿಗ್ಗಿ ಹೀರೇಕಾಯಿಯಾಗಿ, ಮತ್ತೆ ಕಣ್ಣು ಮುಚ್ಚಿ ಎರಡನೆಯ ಪ್ರಾರ್ಥನೆಗೆ ತೊಡಗಿದ. ನಡುವೆ ಒಂದಿಬ್ಬರು ಮೆಲ್ಲನೆ ಕಣ್ಣು ಬಿಟ್ಟು ನೋಡಿದರು. ಅತಿಥಿಯ ಕಣ್ಣು ಮುಚ್ಚಿತ್ತು, ತುಟಿ ಆಡುತ್ತಿತ್ತು. ತಪ್ಪಾಯಿತೆಂದು ನಾಚಿ ಮತ್ತೆ ಮುಚ್ಚಿಕೊಂಡರು.

ಕಡೆಗೆ ಆ ಸಭೆಗೆ ಆಮೆನ್ ಹೇಳಿದ್ದು ಅನ್ನದ ಪಾತ್ರೆ. ಸೀದ ವಾಸನೆ ಮೂಗಿಗೆ ಬಡಿದದ್ದೇ ಅಡುಗೆಯಾಕೆ ದಡಬಡನೆ ಎದ್ದಳು. ಓಡುವ ಮೊದಲು ಪಕ್ಕದವನ ಭುಜ ತಟ್ಟಿದಳು. ಅವನು ಮುಂದಿನವನನ್ನು ತಟ್ಟಿದ. ಹೀಗೆ ಬೆಂಚಿನಿಂದ ಬೆಂಚಿಗೆ ಕಣ್ಣುಗಳು ತೆರೆಯುತ್ತ ಬಂದವು. ಎಲ್ಲರಿಗಿಂತ ಕೊನೆಗೆ ಕಣ್ಣು ತೆರೆದವಳು ಮುಂದೆ ಕೂತಿದ್ದ ಅಜ್ಜಿ.

ಅಜ್ಜಿ ಹೊರಗೆ ಬಿಸಿಲು ನೋಡಿದಳು. ದೋಣಿಯ ಹೊತ್ತಾಗಿತ್ತು. ಅವಳು ಬೋಧಕನ ತೋಳು ಹಿಡಿದು ಅಲುಗಾಡಿಸಿ, ಕೈಯಲ್ಲಿ ಏನೋ ಕೇಳಿದಳು.

“ನನ್ನ ಮೊಮ್ಮಗನಿಗೆ ಏನಂತ ಪ್ರಾರ್ಥನೆ ಮಾಡಿದಿರಿ ಅಂತ ಕೇಳುತ್ತಿದ್ದಾಳೆ” ಎಂದಳು ತರುಣಿ. “ಕಣ್ಣು ಮುಚ್ಚಿಸಿದಿರಿ ಪಾಸ್ಟರ್. ನೀವು ಹೇಳಿದ ಒಂದು ಮಾತೂ ಅವಳಿಗೆ ಸಿಗಲಿಲ್ಲ. ಹುಡುಗನಿಗೆ ಹೋಗಿ ಏನು ಹೇಳಲಿ ಅನ್ನುತ್ತಾಳೆ.”

ಬೋಧಕ ಪೆಚ್ಚಾದ. ಎರಡು ಪ್ರಾರ್ಥನೆಗಳಲ್ಲಿ ಅವನು ಆಡಿದ ಮಾತು ಒಂದು ಗೋಣಿ ಚೀಲ ತುಂಬುವಷ್ಟಿತ್ತು. ಅಜ್ಜಿ ಬರಿಗೈಯಲ್ಲಿ ಹೊರಟಿದ್ದಳು. ಅವನಿಗೆ ಅಳು ಬಂತು. “ಇನ್ನೊಮ್ಮೆ ಮಾಡುತ್ತೇನೆ” ಎಂದ.

ಹುಟ್ಟಿದ ಮೇಲೆ ಮೊದಲ ಸಲ ಅವನು ಕಣ್ಣು ಬಿಟ್ಟುಕೊಂಡು ಪ್ರಾರ್ಥನೆಗೆ ನಿಂತ. ಅಜ್ಜಿಯ ಮುಖ ಎದುರಿಗೇ ಇತ್ತು. ದೊಡ್ಡ ದೊಡ್ಡ ಮಾತುಗಳು ಗಂಟಲಲ್ಲೇ ಉಳಿದವು. “ದೇವರೇ, ನಾಳೆ ಈ ಹುಡುಗ ಹೆದರದೆ ಇರಲಿ. ಎಚ್ಚರವಾದಾಗ ಅವನಿಗೆ ಮೊದಲು ಅಜ್ಜಿಯ ಮುಖ ಕಾಣಲಿ” ಎಂದ. ಮುಂದೆ ಏನೂ ತೋಚಲಿಲ್ಲ. ತರುಣಿ ಅದನ್ನು ಕೈಯಲ್ಲಿ ಹೇಳಿದಳು. ಅಜ್ಜಿ ತನ್ನ ಕೈಯಲ್ಲಿ ಅದನ್ನು ತಿರುಗಿ ಹೇಳಿ ಬಾಯಿಪಾಠ ಮಾಡಿಕೊಂಡಳು. ಸಭೆಯ ಕೈಗಳೆಲ್ಲ ಒಟ್ಟಿಗೆ ಆಮೆನ್ ಎಂದವು. ಅಜ್ಜಿ ಕೈಯಾಡಿಸುತ್ತಲೇ ದೋಣಿಯ ಕಡೆ ಓಡಿದಳು. ಉಳಿದವರು ಸೀದ ಅನ್ನ ಉಂಡರು. ಬೋಧಕ ಎರಡು ಸಲ ಬಡಿಸಿಕೊಂಡ.

ಅಯ್ಯನವರು ಕತೆ ನಿಲ್ಲಿಸಿದರು. ಎಲೀಷ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. “ಹುಡುಗ ಉಳಿದನೇ, ಅಯ್ಯನವರೇ?”

“ಉಳಿದ. ಅಜ್ಜಿಯ ಮುಖವನ್ನೂ ನೋಡಿದ.”

ಎಲೀಷನಿಗೆ ಸಮಾಧಾನವಾಯಿತು. ಎಲ್ಲ ಅರ್ಥವಾಯಿತು ಎಂದೂ ಅನಿಸಿತು. “ಪಾಪ, ಎಂಥ ಬೋಧಕ!” ಎಂದ. ಹೊರಡುವ ಮೊದಲು ಗುರುಗಳ ಮುಂದೆ ಮೊಣಕಾಲೂರಿ, “ನನಗಾಗಿಯೂ ಪ್ರಾರ್ಥಿಸಿ, ಅಯ್ಯನವರೇ” ಎಂದು ತಲೆ ಬಾಗಿಸಿ ಕಣ್ಣು ಮುಚ್ಚಿದ.

ಅವನು ಕಾದ. ಮಾತೇ ಕೇಳಿಸಲಿಲ್ಲ. ಮೊಣಕಾಲು ನೋಯತೊಡಗಿತು. ತಡೆಯಲಾರದೆ ಒಂದು ಕಣ್ಣನ್ನು ಮೆಲ್ಲನೆ ತೆರೆದ. ಅಯ್ಯನವರು ಸನ್ನೆ ಮುಗಿಸಿದ ಎರಡೂ ಕೈಗಳನ್ನು ಮಡಿಲಿಗೆ ಇಳಿಸಿಕೊಂಡು ಅವನನ್ನೇ ನೋಡುತ್ತಿದ್ದರು.

“ನಿನ್ನ ಪ್ರಾರ್ಥನೆ ಆಗಲೇ ಮುಗಿಯಿತು, ಎಲೀಷ, ನಿನಗೆ ಕಾಣಲಿಲ್ಲವೇ?”